ದೇವಿಕೆರೆ ಬಳಿಯ ದಾರದ ಅಂಗಡಿ: ಒಂದು ಮಳೆಗಾಲ ಕಳೆದ ಮೇಲೆ

ಕುಮಟೆಯ ನಮ್ಮ ಮನೆಯ ಹೆಬ್ಬಾಗಿಲು ಪಡುವಣಕ್ಕೆ ಮುಖ ಮಾಡಿದೆ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಗಾಳಿಯೊಂದಿಗೆ ನುಗ್ಗುವ ಇರಚಲು ಜಗುಲಿಯನ್ನು ದಾಟಿ ಹೊಸ್ತಿಲನ್ನು ಮುಟ್ಟುತ್ತದೆ. ಬಾಗಿಲ ಮೇಲೆ ಏನನ್ನು ತೂಗುಹಾಕಿದರೂ ಅದು ಒದ್ದೆಯಾಗದೆ ಉಳಿಯುವುದಿಲ್ಲ. ಹೀಗಿದ್ದೂ ಚೌತಿಗೆ ಕೈಯಾರೆ ಹೆಣೆದ ತೋರಣವೇ ಆ ಬಾಗಿಲಿಗೆ ಇರಬೇಕೆಂಬುದು ನನ್ನ ಹಟ. ಎರಡು ವರ್ಷಗಳ ಹಿಂದೆ ಅಂಚೆಯಲ್ಲಿ ತರಿಸಿಕೊಂಡ ಹತ್ತಿ ದಾರದಿಂದ ಇಪ್ಪತ್ತು ದಿನ ಕುಳಿತು ಹೆಣೆದ ತೋರಣದ ಕೆಂಪು ಹೂವುಗಳು ಹಬ್ಬದ ಹಿಂದಿನ ದಿನವೇ ಬಣ್ಣ ಬಿಟ್ಟವು. ಕೆಳಗಿನ ಬಿಳಿಯ ಪಟ್ಟಿಯ ಮೇಲೆ ಕುಂಕುಮದ ನೀರು ಚೆಲ್ಲಿದಂತಾಯಿತು. ದೀಪಾವಳಿಯ ಹೊತ್ತಿಗೆ ಅದೇ ಪಟ್ಟಿಯ ತುಂಬ ಬೂಷ್ಟಿನ ಕಪ್ಪು ಚುಕ್ಕೆಗಳು. ಮಾರಿದವರಿಗೆ ಬರೆದು ಕೇಳಿದಾಗ, ಒಣಗಿದ ಜಾಗದಲ್ಲಿ ಬಳಸಬೇಕೆಂಬ ಉತ್ತರ ಬಂತು. ಆಷಾಢ, ಶ್ರಾವಣಗಳಲ್ಲಿ ನಮ್ಮ ಕರಾವಳಿಯಲ್ಲಿ ಒಣಗಿದ ಜಾಗ ಎಲ್ಲಿದೆಯೆಂಬುದನ್ನು ಅವರು ತಿಳಿಸಲಿಲ್ಲ.

ಆ ಬೇಸರದಲ್ಲಿರುವಾಗ ಶಿರಸಿಯ ನೆಂಟರೊಬ್ಬರು ದೇವಿಕೆರೆಯ ಸಮೀಪದ ಗಲ್ಲಿಯೊಂದರಲ್ಲಿರುವ ದಾರದ ಅಂಗಡಿಯ ವಿಷಯ ಹೇಳಿದರು. ಕಳೆದ ಹದಿನಾಲ್ಕು ತಿಂಗಳುಗಳಲ್ಲಿ ದೇವಿಮನೆ ಘಟ್ಟ ಹತ್ತಿ ಐದು ಸಲ ಅಲ್ಲಿಗೆ ಹೋಗಿ ಬಂದಿದ್ದೇನೆ. ಅಲ್ಲಿಂದ ತಂದ ದಾರ ಒಂದು ಇಡೀ ಮಳೆಗಾಲವನ್ನು ನಮ್ಮ ಬಾಗಿಲಿನಲ್ಲಿ ಕಳೆದಿದೆ. ಆದ್ದರಿಂದ ಈಗ ಅದರ ಬಗ್ಗೆ ಬರೆಯಬಹುದು ಎನಿಸಿತು. ಅಂಗಡಿಯ ಹೆಸರನ್ನು ಮಾತ್ರ ಬರೆಯುತ್ತಿಲ್ಲ. ಅಂಗಡಿಯ ಯಜಮಾನರನ್ನು ಕೇಳಿದೆ, "ಹೆಸರು ಹಾಕಬೇಡಿ ಅಕ್ಕೋರೇ, ಹಬ್ಬದ ವಾರದಲ್ಲಿ ಈಗಲೇ ಒಳಗೆ ನಿಲ್ಲೂಕೆ ಜಾಗ ಇಲ್ಲ" ಎಂದರು. ನಾನು ಶಾಲೆಯಲ್ಲಿ ಕಲಿಸುತ್ತಿದ್ದವಳೆಂದು ಮೊದಲ ದಿನವೇ ತಿಳಿದುಕೊಂಡು ಅಂದಿನಿಂದ ಹಾಗೆಯೇ ಕರೆಯುತ್ತಾರೆ. ಗಲ್ಲಿಯಲ್ಲಿ ವಿಚಾರಿಸಿದರೆ ಯಾರಾದರೂ ತೋರಿಸುತ್ತಾರೆ.

ಅಂಗಡಿ ದೊಡ್ಡದಲ್ಲ. ಅಗಲ ಹತ್ತು ಅಡಿಯಾದರೆ, ಉದ್ದ ಅದರ ಎರಡು ಪಟ್ಟು. ಎಡಗಡೆಯ ಗೋಡೆಗೆ ಗಾಜಿನ ಬಾಗಿಲಿನ ಕಪಾಟುಗಳಿವೆ, ಬಲಗಡೆಗೆ ಜರಿಯ ಪಟ್ಟಿ, ಗುಂಡಿ, ಮಣಿ, ಲೈನಿಂಗ್ ಬಟ್ಟೆಯಂತಹ ಹೊಲಿಗೆಯವರ ಸಾಮಾನುಗಳಿವೆ. ನನ್ನ ಗಮನ ಮೊದಲು ಹೋದದ್ದು ಕಪಾಟಿನ ಒಳಗಿನ ಬಲ್ಬಿನ ಕಡೆಗೆ. ಜುಲೈ ತಿಂಗಳಿನ ಮಧ್ಯಾಹ್ನ, ಕರೆಂಟು ಇದ್ದಾಗಲೆಲ್ಲ, ಪ್ರತಿ ಕಪಾಟಿನ ಕೆಳಗಿನ ಮೂಲೆಯಲ್ಲಿ ತಂತಿಯ ಜಾಲರಿಯೊಳಗೆ ಹಳೆಯ ಕಾಲದ ನಲವತ್ತು ವ್ಯಾಟಿನ ಬಲ್ಬೊಂದು ಉರಿಯುತ್ತಿರುತ್ತದೆ. ನಮ್ಮಲ್ಲಿ ಹಾರ್ಮೋನಿಯಂ ಮತ್ತು ಕ್ಯಾಮೆರಾಗಳನ್ನು ಮಳೆಗಾಲದಲ್ಲಿ ಕಾಪಾಡಲು ಮಾಡುವ ಉಪಾಯವೇ ಇದು. ದಾರದ ಉಂಡೆಗೂ ಆ ಉಪಚಾರ ಸಿಕ್ಕಿದ್ದನ್ನು ಬೇರೆಲ್ಲಿಯೂ ನೋಡಿರಲಿಲ್ಲ. ಉಂಡೆಯನ್ನು ಕೈಗೆ ತೆಗೆದುಕೊಂಡಾಗ ಅದು ಬೆಚ್ಚಗಿತ್ತು. ಮೂಗಿಗೆ ಹಿಡಿದರೆ ಮುಗ್ಗಲು ವಾಸನೆಯಿರಲಿಲ್ಲ. ಕರಾವಳಿಯಲ್ಲಿ ದಾರ ಕೊಳ್ಳುವವರು ಬಣ್ಣಕ್ಕಿಂತ ಮೊದಲು ವಾಸನೆ ನೋಡಬೇಕೆಂದು ನಾನು ನಂಬುತ್ತೇನೆ. ಅಂಗಡಿಯಲ್ಲಿಯೇ ಮುಗ್ಗಲು ಹಿಡಿದ ದಾರವನ್ನು ಎಷ್ಟು ತೊಳೆದರೂ ಮುಂದಿನ ಮಳೆಗೆ ಆ ವಾಸನೆ ಮರಳುತ್ತದೆ.

ಈ ಅಂಗಡಿಯ ಬಗ್ಗೆ ನನಗೆ ಗೌರವ ಹುಟ್ಟಿಸಿದ ಸಂಗತಿ ಮೊದಲ ಭೇಟಿಯಲ್ಲಿಯೇ ನಡೆಯಿತು. ಬಾಗಿಲಿನ ತೋರಣಕ್ಕೆ ಒಳ್ಳೆಯ ಹತ್ತಿ ದಾರ ಬೇಕೆಂದು ಕೇಳಿದೆ. ಹತ್ತಿಯೆಂದರೆ ಶುದ್ಧ, ಅಕ್ರಿಲಿಕ್ ಎಂದರೆ ಅಗ್ಗದ ಮಾಲು ಎಂಬ ತಿಳಿವಳಿಕೆ ನನ್ನದು; ಬಹಳ ಮಂದಿಯದೂ ಅದೇ ಇರಬಹುದು. ಯಜಮಾನರು ಬಾಗಿಲು ಯಾವ ದಿಕ್ಕಿಗಿದೆ, ಮಾಡಿನ ಚಾಚು ಎಷ್ಟಿದೆ, ತೋರಣ ಎಷ್ಟು ದಿನ ಅಲ್ಲಿರಬೇಕು ಎಂದು ಒಂದೊಂದಾಗಿ ಕೇಳಿದರು. ನಂತರ, "ಬಾಗಿಲಿಗೆ ಹತ್ತಿ ಬೇಡ. ಉಲ್ಲನ್ ತಗಳ್ಳಿ. ದುಡ್ಡೂ ಕಡಿಮೆ" ಎಂದರು. ಹೆಚ್ಚು ಬೆಲೆಯ ವಸ್ತುವನ್ನು ಕೇಳಿಕೊಂಡು ಬಂದ ಗಿರಾಕಿಗೆ ಅದರ ಅರ್ಧಕ್ಕಿಂತ ಕಡಿಮೆ ಬೆಲೆಯದನ್ನು ತಾವಾಗಿ ಎತ್ತಿಕೊಡುವ ವ್ಯಾಪಾರಿಗಳನ್ನು ನಾನು ಹೆಚ್ಚು ಕಂಡಿಲ್ಲ.

ನಾನು ಒಪ್ಪಲಿಲ್ಲ. ಅವರು ವಾದಿಸಲೂ ಇಲ್ಲ. ಗಲ್ಲಾಪೆಟ್ಟಿಗೆಯ ಮೇಲಿದ್ದ ಹಿತ್ತಾಳೆಯ ತಟ್ಟೆಯನ್ನು ಮುಂದಕ್ಕೆ ಎಳೆದು, ಎರಡು ಬೇರೆ ಬೇರೆ ಉಂಡೆಗಳಿಂದ ಗೇಣುದ್ದದ ಎಳೆ ಕತ್ತರಿಸಿ, ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿದರು. ಹತ್ತಿಯ ಎಳೆ ಸರಸರ ಉರಿದು, ಸುಟ್ಟ ಕಾಗದದ ವಾಸನೆ ಬಿಟ್ಟು, ಮುಟ್ಟಿದರೆ ಉದುರುವ ಬೂದಿಯಾಯಿತು. ಎರಡನೆಯದು ಮೊದಲು ಮುದುಡಿ, ಕರಗಿ, ಕಪ್ಪು ಹೊಗೆ ಬಿಡುತ್ತ ಉರಿಯಿತು. ಆರಿದ ಮೇಲೆ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗಟ್ಟಿಯಾದ ಕಪ್ಪು ಮಣಿ ಉಳಿಯಿತು. ನಮ್ಮೂರಿನಲ್ಲಿ ಎಲ್ಲರೂ ಉಲ್ಲನ್ ಎಂದು ಕರೆಯುವ ಈ ದಾರದಲ್ಲಿ ಕುರಿಯ ಉಣ್ಣೆ ಒಂದೆಳೆಯೂ ಇರುವುದಿಲ್ಲ, ಅದು ಅಕ್ರಿಲಿಕ್ ಎಂಬ ಒಂದು ಬಗೆಯ ಪ್ಲಾಸ್ಟಿಕ್ ಎಂಬುದನ್ನು ಅಷ್ಟು ಸ್ಪಷ್ಟವಾಗಿ ನಾನು ಹಿಂದೆ ಕಂಡಿರಲಿಲ್ಲ. ಮನೆಯಲ್ಲಿರುವ, ಪಟ್ಟಿ ಕಳೆದುಹೋದ ಹಳೆಯ ಉಂಡೆಗಳನ್ನು ಗುರುತಿಸಲು ಇದಕ್ಕಿಂತ ಸುಲಭದ ಪರೀಕ್ಷೆಯಿಲ್ಲ. ಆದರೆ ಚಿಮಟ ಮತ್ತು ಲೋಹದ ತಟ್ಟೆ ಇಲ್ಲದೆ ಮಾಡಬಾರದು, ಕರಗಿದ ಹನಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ತೇವವನ್ನು ಹೀರುವುದರಲ್ಲಿ ಈ ನೂಲುಗಳ ನಡುವಿನ ಅಂತರ ದೊಡ್ಡದು. ಜವಳಿ ಲೆಕ್ಕದಲ್ಲಿ, ಸಾಧಾರಣ ಹವೆಯಲ್ಲಿಟ್ಟ ಹತ್ತಿ ತನ್ನ ಒಣ ತೂಕದ ಸುಮಾರು 8.5 ಶೇಕಡಾ ನೀರನ್ನು ಗಾಳಿಯಿಂದಲೇ ಎಳೆದುಕೊಂಡಿರುತ್ತದೆ. ನಿಜವಾದ ಉಣ್ಣೆ ಸುಮಾರು 16 ಶೇಕಡಾ. ಅಕ್ರಿಲಿಕ್ ಕೇವಲ 1.5 ಶೇಕಡಾದ ಆಸುಪಾಸು. ಈ ಅಂಕಿಗಳು ನೀರಿನಲ್ಲಿ ಅದ್ದುವ ಮೊದಲಿನವು. ನಮ್ಮ ಜುಲೈ ತಿಂಗಳಿನ ಗಾಳಿಯಲ್ಲಿ ಹತ್ತಿಯ ಪಾಲು ಇನ್ನೂ ಹೆಚ್ಚುತ್ತದೆ, ಮತ್ತು ಬೂಷ್ಟಿಗೆ ಬೇಕಾದದ್ದು ಆ ತೇವವೇ. ಅದಲ್ಲದೆ ಹತ್ತಿಯು ಬೂಷ್ಟಿಗೆ ತಿನ್ನಲು ಬರುವ ವಸ್ತು, ಅಕ್ರಿಲಿಕ್ ಹಾಗಲ್ಲ.

ಲೆಕ್ಕ ಕೇಳಿದ ಮೇಲೂ ನನ್ನ ಮನಸ್ಸು ಪೂರ್ತಿ ಒಪ್ಪಲಿಲ್ಲವಾದ್ದರಿಂದ ಎರಡನ್ನೂ ಕೊಂಡೆ. ಐವತ್ತು ಗ್ರಾಮಿನ ಎರಡು ಹತ್ತಿಯ ಉಂಡೆ, ಅಷ್ಟೇ ತೂಕದ ಮೂರು ಅಕ್ರಿಲಿಕ್ ಉಂಡೆ, ಪೋನಿ ಕಂಪನಿಯ 3 ಮಿಲಿಮೀಟರಿನ ಒಂದು ಕ್ರೋಶಾ ಕಡ್ಡಿ, ಅಂದರೆ ತುದಿಗೆ ಕೊಕ್ಕೆಯಿರುವ ಹೆಣಿಗೆಯ ಕಡ್ಡಿ. ಈ ಕಂಪನಿಯ ಸೂಜಿ, ಕಡ್ಡಿಗಳು ನೀಲಗಿರಿಯ ಕೇತ್ತಿಯಲ್ಲಿ ತಯಾರಾಗುತ್ತವೆ. ನನ್ನ ಅತ್ತೆಯ ಪೆಟ್ಟಿಗೆಯಲ್ಲಿಯೂ ಅದೇ ಹೆಸರಿನ ಕಡ್ಡಿಯಿತ್ತು. ಕೊಕ್ಕೆಯ ಬಾಯಿ ನುಣುಪಾಗಿದ್ದು, ದಾರದ ಎಳೆಗಳನ್ನು ಸೀಳುವುದಿಲ್ಲ. ಕಡ್ಡಿಯ ಬಗ್ಗೆ ಇಷ್ಟು ಸಾಕು.

ತೋರಣವನ್ನು ಶಾಲೆಯ ಪ್ರಯೋಗದಂತೆ ಮಾಡಿದೆ. ಮೂರಡಿ ಬಾಗಿಲಿಗೆ ಸುಮಾರು 200 ಸರಪಳಿಯ ಪಟ್ಟಿ, ಅದರ ಕೆಳಗೆ ಮಾವಿನ ಎಲೆಯ ಆಕಾರದ 17 ಎಲೆಗಳು. ಬೆಸಸಂಖ್ಯೆಯ ಒಂಬತ್ತು ಎಲೆಗಳು ಹತ್ತಿಯವು, ಸಮಸಂಖ್ಯೆಯ ಎಂಟು ಎಲೆಗಳು ಅಕ್ರಿಲಿಕ್‌ನವು. ಮಾಡುವವರಿಗೆ ಅನುಕೂಲವಾಗಲೆಂದು ಎಲೆಯ ಲೆಕ್ಕ ಹೇಳಿಬಿಡುತ್ತೇನೆ (ಮೂಕ ಕಂಬವೆಂದರೆ ದಾರವನ್ನು ಕಡ್ಡಿಗೆ ಸುತ್ತದೆ ತೆಗೆಯುವ ಗಿಡ್ಡ ಕುಣಿಕೆ, ಪೂರ್ತಿ ಕಂಬ ಸುತ್ತಿ ತೆಗೆಯುವ ಎತ್ತರದ್ದು, ಅರ್ಧ ಕಂಬ ಅವೆರಡರ ನಡುವಿನದು): 20 ಸರಪಳಿ ಹಾಕಿ, ಕಡ್ಡಿಯ ಕಡೆಯಿಂದ ಎರಡನೆಯ ಸರಪಳಿಯಲ್ಲಿ ಆರಂಭಿಸಿ ಮೂಕ ಕಂಬ 3, ಅರ್ಧ ಕಂಬ 3, ಪೂರ್ತಿ ಕಂಬ 7, ಮತ್ತೆ ಅರ್ಧ ಕಂಬ 3, ಮೂಕ ಕಂಬ 3, ಕೊನೆಯ ಸರಪಳಿಯಲ್ಲಿಯೇ ಇನ್ನೆರಡು ಮೂಕ ಕಂಬ ಸೇರಿಸಿ ತಿರುವಿಕೊಂಡು, ಸರಪಳಿಯ ಇನ್ನೊಂದು ಬದಿಯಲ್ಲಿ ಅದೇ ಕ್ರಮದಲ್ಲಿ ಹಿಂದಿರುಗಬೇಕು. ನಡು ಉಬ್ಬಿ, ಎರಡು ತುದಿಗಳು ಚೂಪಾಗಿ, ಒಂಬತ್ತು ಸೆಂಟಿಮೀಟರಿನ ಎಲೆ ಸಿದ್ಧವಾಗುತ್ತದೆ. ಕೈ ಪಳಗಿದವರಿಗೆ ಒಂದು ಎಲೆಗೆ ಹದಿನೈದು ನಿಮಿಷ.

ಈಗ ಅಂಗಡಿಯ ಮೊದಲನೆಯ ದೋಷವನ್ನು ಹೇಳಬೇಕು. ದಾರದ ಜೊತೆಗೆ ಅವರು ಮಾದರಿಗಳ ಝೆರಾಕ್ಸ್ ಹಾಳೆಗಳನ್ನು ಉಚಿತವಾಗಿ ಕೊಡುತ್ತಾರೆ. ಯಾವ್ಯಾವುದೋ ಪುಸ್ತಕಗಳಿಂದ ತೆಗೆದ ಆ ಇಂಗ್ಲಿಷ್ ಹಾಳೆಗಳಲ್ಲಿ ಹೆಣಿಗೆಯ ಹೆಸರುಗಳು ಅಮೆರಿಕದ ಕ್ರಮದವೋ ಬ್ರಿಟನ್ನಿನ ಕ್ರಮದವೋ ಎಂಬುದು ಎಲ್ಲಿಯೂ ಬರೆದಿಲ್ಲ. ಬ್ರಿಟನ್ನಿನವರು ಡಬಲ್ ಕ್ರೋಶೆ ಎನ್ನುವುದನ್ನೇ ಅಮೆರಿಕದವರು ಸಿಂಗಲ್ ಕ್ರೋಶೆ ಎನ್ನುತ್ತಾರೆ. ಅಮೆರಿಕದವರ ಡಬಲ್ ಬ್ರಿಟನ್ನಿನವರಿಗೆ ಟ್ರೆಬಲ್. ನಾನು ಮೇಜಿನ ನಡುವಿಗೆಂದು ಹಾಳೆ ನೋಡಿ ಹೆಣೆದ ದುಂಡು ಹಾಸು ಆರನೆಯ ಸುತ್ತಿಗೆ ಬಟ್ಟಲಿನಂತೆ ಅಂಚೆತ್ತಿ ನಿಂತಿತು. ಎತ್ತರದ ಕಂಬಗಳಿಗಾಗಿ ಮಾಡಿದ ಲೆಕ್ಕದಲ್ಲಿ ಗಿಡ್ಡ ಕಂಬಗಳನ್ನು ಹಾಕಿದರೆ ಸುತ್ತಳತೆ ಹೆಚ್ಚಾಗಿ ಅಂಚು ನಿರಿಗೆ ನಿರಿಗೆಯಾಗುತ್ತದೆ, ಗಿಡ್ಡ ಕಂಬಗಳ ಲೆಕ್ಕದಲ್ಲಿ ಎತ್ತರದವನ್ನು ಹಾಕಿದರೆ ಸುತ್ತಳತೆ ಸಾಲದೆ ಹೀಗೆ ಬಟ್ಟಲಾಗುತ್ತದೆ. ಅಷ್ಟನ್ನೂ ಬಿಚ್ಚಿದೆ.

ಕಾರವಾರದಲ್ಲಿ ಹುಟ್ಟಿ ಬೆಳೆದ ನನ್ನ ಅತ್ತೆಗೆ ಈ ಗೊಂದಲವೇ ಇರಲಿಲ್ಲ. ಅವರು ಕಲಿತದ್ದು ಮರಾಠಿಯ ಹೆಸರುಗಳಲ್ಲಿ: ಸಾಖಳಿ, ಮುಕಾ ಖಾಂಬ್, ಖಾಂಬ್. ಸಾಖಳಿ ಎಂದರೆ ಸರಪಳಿ. ದಾರವನ್ನು ಕಡ್ಡಿಗೆ ಸುತ್ತದೆ ತೆಗೆಯುವುದು ಮುಕಾ ಖಾಂಬ್, ಸುತ್ತಿ ತೆಗೆಯುವುದು ಖಾಂಬ್. ಮೇಲೆ ನಾನು ಬರೆದ ಮೂಕ ಕಂಬ, ಕಂಬಗಳು ಅವರ ಬಾಯಿಂದ ನಮ್ಮ ಮನೆಯ ಕನ್ನಡಕ್ಕೆ ಬಂದವು. ಯಜಮಾನರಿಗೆ ಈ ಮಾತು ಹೇಳಿದಾಗ ಅವರು ನಕ್ಕು, ಮುಂದಿನ ಸಲ ಹೋಗುವಾಗ ಹಾಳೆಗಳ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟಿದ್ದರು. ಎಲ್ಲ ಹಾಳೆಗಳ ಮೇಲಲ್ಲ. ಗುರುತಿಲ್ಲದ ಹಾಳೆಯನ್ನು ತೆಗೆದುಕೊಳ್ಳಬೇಡಿ ಅಥವಾ ಮೂರು ಸುತ್ತು ಹೆಣೆದು ನೆಲದ ಮೇಲೆ ಹಾಸಿ ನೋಡಿ.

ತೋರಣವನ್ನು ಜೂನ್ 10ರಂದು ಕಟ್ಟಿದೆ, ಸೆಪ್ಟೆಂಬರ್ ಕೊನೆಗೆ ಇಳಿಸಿದೆ. ನಡುವೆ ಚೌತಿಗೆ ಒಮ್ಮೆ ತೊಳೆದೆ. ಒದ್ದೆಯಾದ ಅಕ್ರಿಲಿಕ್ ಎಲೆಗಳು ಮಳೆ ಬಿಟ್ಟ ಮೂರ್ನಾಲ್ಕು ತಾಸಿನಲ್ಲಿ ಮುಟ್ಟಿದರೆ ಒಣಗಿದಂತಿರುತ್ತಿದ್ದವು. ಹತ್ತಿಯ ಎಲೆಗಳು ಮರುದಿನ ಮಧ್ಯಾಹ್ನದವರೆಗೂ ತಣ್ಣಗೆ ಜೋತಾಡುತ್ತಿದ್ದವು. ನೀರಿನ ಭಾರಕ್ಕೆ ಹತ್ತಿಯ ಎಲೆಗಳು ಅರ್ಧ ಬೆರಳಿನಷ್ಟು ಉದ್ದವಾದವು. ಇಳಿಸಿ ಮೇಜಿನ ಮೇಲೆ ಹಾಸಿ ನೋಡಿದಾಗ ಒಂಬತ್ತು ಹತ್ತಿಯ ಎಲೆಗಳಲ್ಲಿ ಆರಕ್ಕೆ ಬೂಷ್ಟಿನ ಚುಕ್ಕೆ ಬಂದಿತ್ತು, ಅದೂ ಗೋಡೆಗೆ ತಾಗುವ ಹಿಂಬದಿಯಲ್ಲಿ. ಅಕ್ರಿಲಿಕ್‌ನ ಎಂಟರಲ್ಲಿ ಒಂದಕ್ಕೂ ಇರಲಿಲ್ಲ. ಊದುಬತ್ತಿಯ ಮತ್ತು ರಸ್ತೆಯ ದೂಳಿನಿಂದ ತುದಿಗಳು ಮಾಸಿದ್ದವು, ಸೋಪಿನ ನೀರಿನಲ್ಲಿ ಅದು ಹೋಯಿತು. ಬಣ್ಣದ ವಿಷಯದಲ್ಲಿಯೂ ಅಕ್ರಿಲಿಕ್ ಗೆದ್ದಿತು. ಬಿಸಿಲಿಗೆ ಈ ನೂಲು ಜಗ್ಗುವುದಿಲ್ಲ. ಅಂಗಡಿಗಳ ಮುಂದೆ ಕಟ್ಟುವ ಒಳ್ಳೆಯ ಜಾತಿಯ ನೆರಳು ಬಟ್ಟೆಯನ್ನು ಅಕ್ರಿಲಿಕ್‌ನಿಂದ ನೇಯುವುದು ಇದೇ ಕಾರಣಕ್ಕೆ.

ಹಾಗೆಂದು ಅದು ಕಣ್ಣಿಗೆ ಚಂದವೇ ಎಂದು ಕೇಳಿದರೆ, ಅಷ್ಟೇನಿಲ್ಲ. ಹತ್ತಿಯ ಎಲೆಯಲ್ಲಿ ಒಂದೊಂದು ಕಂಬವೂ ಬೇರೆಯಾಗಿ ಎಣಿಸುವಂತೆ ಕಾಣುತ್ತದೆ, ಎಲೆ ಚಪ್ಪಟೆಯಾಗಿ ತೂಗುತ್ತದೆ. ಅಕ್ರಿಲಿಕ್‌ನ ಎಲೆ ಸುರುಳಿಯಾಗಲು ನೋಡುತ್ತದೆ, ಎರಡು ತಿಂಗಳಿಗೆ ಮೈಮೇಲೆ ಜುಂಗು ಏಳುತ್ತದೆ. ಅದನ್ನು ಚಪ್ಪಟೆ ಮಾಡಲೆಂದು ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿದ್ದು ನನ್ನ ತಪ್ಪು. ಒಂದು ಎಲೆ ಕ್ಷಣದಲ್ಲಿ ಮೆತುವಾಗಿ, ನಂತರ ಹೊಳೆಯುವ ಹಪ್ಪಳವಾಯಿತು. ಒದ್ದೆ ಬಟ್ಟೆ ಹೊದಿಸಿ, ಪೆಟ್ಟಿಗೆಯನ್ನು ಮುಟ್ಟಿಸದೆ ಮೇಲೆ ಹಿಡಿದು ಹಬೆ ಕೊಟ್ಟರೆ ಸಾಕೆಂದು ಆಮೇಲೆ ತಿಳಿಯಿತು. ಈ ಸೂಚನೆ ಅಂಗಡಿಯಲ್ಲಿಯೇ ಸಿಕ್ಕಿದ್ದರೆ ಆ ಎಲೆ ಉಳಿಯುತ್ತಿತ್ತು. ದಾರ ಮಾರುವಾಗ ಅಷ್ಟು ವಿಚಾರಿಸುವ ಯಜಮಾನರು ಮಾರಿದ ನಂತರದ ಆರೈಕೆಯ ಬಗ್ಗೆ ಕೇಳಿದರೆ ಮಾತ್ರ ಹೇಳುತ್ತಾರೆ.

ಹತ್ತಿಯ ದಾರಕ್ಕೆ ಈ ಅಂಗಡಿಯಲ್ಲಿ ಬೇರೆಯೇ ಮರ್ಯಾದೆಯಿದೆ, ಮತ್ತು ಮನೆಯ ಒಳಗಿನ ಕೆಲಸಕ್ಕೆ ನಾನು ಅದನ್ನೇ ಕೊಳ್ಳುತ್ತೇನೆ. ಬಿಸಿ ಪಾತ್ರೆಯ ಕೆಳಗೆ ಇಡುವ ಹಾಸು, ಚಹಾದ ಕೆಟಲಿಗೆ ಹೊದಿಸುವ ಟೊಪ್ಪಿ, ದೀಪಾವಳಿಗೆ ದೀಪದ ಕಂಬದ ಬುಡಕ್ಕೆ ಹಾಸುವ ದುಂಡು ಹಾಸು, ಇವೆಲ್ಲ ಹತ್ತಿಯವೇ ಆಗಬೇಕು. ಕುದಿಯುವ ಸಾರಿನ ಪಾತ್ರೆಯನ್ನು ಅಕ್ರಿಲಿಕ್ ಹಾಸಿನ ಮೇಲಿಟ್ಟರೆ ಹೆಣಿಗೆ ಮೆತುವಾಗಿ ಆಕಾರ ಕೆಡುತ್ತದೆ, ಪಾತ್ರೆ ತೀರ ಕಾದಿದ್ದರೆ ಅಂಟಿಯೂ ಹೋಗುತ್ತದೆ. ಇಲ್ಲಿ ಸಿಗುವ ಹತ್ತಿಯಲ್ಲಿ ಎರಡು ಬಗೆ. ಒಂದು ಮೆತ್ತನೆಯ, ಮಂಕು ಬಣ್ಣದ ನಾಲ್ಕೆಳೆಯ ದಾರ. ಇನ್ನೊಂದು ರೇಷ್ಮೆಯ ಹೊಳಪಿನ, ಗಟ್ಟಿಯಾಗಿ ಹುರಿ ಮಾಡಿದ ತೆಳು ದಾರ. ಆ್ಯಂಕರ್ ಕಂಪನಿಯ ಕ್ರೋಶಾ ದಾರದ ಉಂಡೆಗಳು ಈ ಜಾತಿಯವು. ಯಜಮಾನರು ಮರ್ಸರೈಸ್ಡ್ ಎನ್ನುವ ಪದ ಇಂಗ್ಲೆಂಡಿನ ಜಾನ್ ಮರ್ಸರ್ ಎಂಬಾತನ ಹೆಸರಿನಿಂದ ಬಂದದ್ದು. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಎಳೆ ಉಬ್ಬಿ ಗಟ್ಟಿಯಾಗಿ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ ಎಂಬುದನ್ನು ಆತ 1844ರಲ್ಲಿ ಕಂಡು, 1850ರಲ್ಲಿ ಪೇಟೆಂಟ್ ಪಡೆದ. ಹೊಳಪು ಬಂದದ್ದು ಮುಂದೆ, ಅದ್ದುವಾಗ ನೂಲನ್ನು ಬಿಗಿಯಾಗಿ ಎಳೆದುಹಿಡಿಯುವುದನ್ನು ಇನ್ನೊಬ್ಬರು ಕಲಿತ ಮೇಲೆ. ದೇವರ ಕೋಣೆಯ ಪೀಠದ ಅಂಚಿಗೆ ನಾನು ಹಾಕಿದ ಬಿಳಿಯ ಲೇಸು ಈ ತೆಳು ದಾರದ್ದು. ಕಣ್ಣಿಗೆ ಶ್ರಮವಾಗುತ್ತದೆ, ಅದರಲ್ಲೂ ನನ್ನ ವಯಸ್ಸಿಗೆ. ಸಂಜೆ ಐದರ ನಂತರ ಆ ಕೆಲಸ ಆಗುವುದಿಲ್ಲ.

ಬಣ್ಣ ಬಿಡುವ ವಿಷಯದಲ್ಲಿ ಇಲ್ಲಿಯೂ ಒಂದು ಅನುಭವವಾಯಿತು. ಎರಡನೆಯ ಭೇಟಿಯಲ್ಲಿ ತಂದ ಕಡುಗೆಂಪು ಹತ್ತಿಯ ಉಂಡೆಯ ತುದಿಯನ್ನು, ಅವರೇ ಹೇಳಿಕೊಟ್ಟಂತೆ, ಒದ್ದೆ ಮಾಡಿ ಬಿಳಿಯ ಪಂಚೆಯ ತುಂಡಿನ ಮಧ್ಯೆ ಒತ್ತಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಬಟ್ಟೆ ನಸುಗೆಂಪಾಗಿತ್ತು. ಉಪ್ಪು ಅಥವಾ ವಿನೆಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂದು ನೆರೆಯವರು ಹೇಳಿದರು. ವಿನೆಗರಿನ ಹುಳಿ ಉಣ್ಣೆಗೆ ಹಾಕುವ ಕೆಲವು ಬಣ್ಣಗಳಿಗೆ ನೆರವಾಗುತ್ತದೆ. ಹತ್ತಿಗೆ ಹಾಕಿ ಮುಗಿಸಿದ ಬಣ್ಣವನ್ನು ಮನೆಯಲ್ಲಿ ಅದರಿಂದ ನಿಲ್ಲಿಸಲು ಬರುವುದಿಲ್ಲ. ಉಂಡೆಯನ್ನೂ ಬಟ್ಟೆಯ ತುಂಡನ್ನೂ ಹಿಂದಕ್ಕೆ ಒಯ್ದೆ. ಅವರು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮಾತಿಲ್ಲದೆ ಬೇರೆ ಉಂಡೆ ಕೊಟ್ಟರು, ಮತ್ತು ಅದೇ ಪೆಟ್ಟಿಗೆಯ ಉಳಿದ ಉಂಡೆಗಳನ್ನೂ ಕಪಾಟಿನಿಂದ ತೆಗೆದು ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟರು. ಮೂರು ತಿಂಗಳ ನಂತರ ಹೋದಾಗ ಅವು ಮತ್ತೆ ಕಪಾಟಿಗೆ ಬಂದಿವೆಯೇ ಎಂದು ಕುತೂಹಲದಿಂದ ನೋಡಿದೆ. ಬಂದಿರಲಿಲ್ಲ.

ಪ್ರತಿ ಗಿರಾಕಿಯ ದಾರದ ಲಾಟ್ ನಂಬರನ್ನು ಅವರು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಒಂದೇ ಬಣ್ಣ, ಒಂದೇ ಕಂಪನಿ, ಆದರೆ ಬಣ್ಣದ ತೊಟ್ಟಿಗೆ ಬೇರೆ ದಿನ ಇಳಿದ ದಾರವಾದರೆ ಹಗಲಿನ ಬೆಳಕಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ನನಗೆ ಹಸಿರು ದಾರ ಸಾಲದೆ ಬಂದಾಗ ಹಳೆಯ ಲಾಟ್ ಮುಗಿದಿತ್ತು. ಹೊಸದನ್ನು ಕೊಡುವಾಗ, ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಎಂದು ಬೆರೆಸಿ ಹೆಣೆಯಿರಿ, ಗೆರೆ ಕಾಣುವುದಿಲ್ಲ ಎಂದರು. ಹಾಗೆಯೇ ಮಾಡಿದೆ, ಕಾಣುವುದಿಲ್ಲ. ಒಡೆಯದ ಉಂಡೆಯನ್ನು ಹಿಂದಿರುಗಿಸಿದರೆ ತೆಗೆದುಕೊಳ್ಳುತ್ತಾರೆ, ಆದರೆ ಹಣ ಕೊಡುವುದಿಲ್ಲ, ಬದಲಿಗೆ ಬೇರೆ ಸಾಮಾನು ಕೊಳ್ಳಬೇಕು.

ದೋಷಗಳಲ್ಲಿ ನನಗೆ ಹೆಚ್ಚು ಕಾಡಿದ್ದು ಹಸಿರಿನ ಕೊರತೆ. ಇಷ್ಟು ಹಸಿರಿನ ನಡುವೆ ಕುಳಿತ ಅಂಗಡಿಯಲ್ಲಿ ಮಾವಿನ ಎಲೆಯ ಹಸಿರು ಇಲ್ಲ. ಗಿಳಿ ಹಸಿರು ಇದೆ, ಬಾಟಲಿ ಹಸಿರು ಇದೆ, ಔಷಧದ ಅಂಗಡಿಯ ಫಲಕದಂತಹ ಒಂದು ಹಸಿರೂ ಇದೆ. ಗುಲಾಬಿ ಮತ್ತು ನೇರಳೆ ಮಾತ್ರ ಹತ್ತು ಹನ್ನೆರಡು ಛಾಯೆಗಳಲ್ಲಿ ಸಿಗುತ್ತವೆ. ಮಕ್ಕಳ ಟೊಪ್ಪಿಗೆಗಳಿಗೆ ಅವೇ ಹೋಗುತ್ತವೆಯಂತೆ. ಆರು ಮಿಲಿಮೀಟರಿಗಿಂತ ದಪ್ಪದ ಕಡ್ಡಿಗಳೂ ಅವಕ್ಕೆ ತಕ್ಕ ದಪ್ಪ ದಾರವೂ ಇಲ್ಲ. ಲಡಿಯಾಗಿ ಬರುವ ದಾರವನ್ನು ಉಂಡೆ ಸುತ್ತಿಕೊಡುವ ವ್ಯವಸ್ಥೆಯಿಲ್ಲ. ಮೊಮ್ಮಗನ ಎರಡು ಕೈಗಳನ್ನು ಕಂಬ ಮಾಡಿಕೊಂಡು ಸುತ್ತಲು ಹೋಗಿ, ಅವನು ಕ್ರಿಕೆಟ್ ನೋಡಲು ತಿರುಗಿದ ಕ್ಷಣದಲ್ಲಿ ಸಿಕ್ಕಾದ ಲಡಿಯನ್ನು ಬಿಡಿಸಲು ನನಗೆ ಎರಡು ಸಂಜೆ ಬೇಕಾದವು. ಚೌತಿಯ ಹಿಂದಿನ ವಾರ ಹೋದರೆ ನಿಮ್ಮನ್ನು ವಿಚಾರಿಸುವವರೇ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಂತೂ ದಾರಕ್ಕಾಗಿ ಶಿರಸಿ ಪೇಟೆಗೆ ಕಾಲಿಡುವುದೇ ಬೇಡ.

ಹಬ್ಬದ ಸಾಮಾನೆಂದು ಅಂಗಡಿಯಲ್ಲಿ ತೂಗುಹಾಕಿದ ಸಿದ್ಧ ವಸ್ತುಗಳ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಚೌತಿಯ ಫಲಾವಳಿಗೆಂದು ಉಲ್ಲನ್ನಿನ ಸೌತೆಕಾಯಿ, ಹಾಗಲಕಾಯಿ, ಅಡಿಕೆ ಗೊನೆಗಳನ್ನು ಮಾಡಿಟ್ಟಿದ್ದಾರೆ. ಕೆಲಸ ಅಚ್ಚುಕಟ್ಟಾಗಿದೆ. ಆದರೆ ತೋಟದಿಂದ, ಬೆಟ್ಟದಿಂದ ಆ ಋತುವಿನಲ್ಲಿ ಸಿಕ್ಕಿದ್ದನ್ನು ಗಣಪತಿಯ ಮೇಲೆ ಕಟ್ಟುವುದು ಫಲಾವಳಿ. ದಾರದ ಹಾಗಲಕಾಯಿಯನ್ನು ಅಲ್ಲಿ ತೂಗುಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವನ್ನು ಕಿಟಕಿಗೆ ಕಟ್ಟಿದ್ದೇನೆ. ದೊಡ್ಡಹಬ್ಬದ, ಅಂದರೆ ದೀಪಾವಳಿಯ, ಗೋಪೂಜೆಗೆ ದನಗಳ ಕೊರಳಿಗೆಂದು ಮಾಡಿದ ಚೆಂಡುಹೂವಿನ ಬಣ್ಣದ ಹಾರವನ್ನು ಯಾರೂ ಕೊಳ್ಳಬಾರದು. ನಮ್ಮ ಸಿದ್ದಾಪುರದ ಬಂಧುಗಳ ಕೊಟ್ಟಿಗೆಯಲ್ಲಿ ಪಕ್ಕದ ಹಸು ಅಂತಹ ಹಾರವನ್ನು ಅರ್ಧ ನುಂಗಿದ ಮೇಲೆ ಬಾಯಿಗೆ ಕೈ ಹಾಕಿ ಎಳೆಯಬೇಕಾಯಿತು.  ಕರಗದ ದಾರ ಹೊಟ್ಟೆಗೆ ಹೋದರೆ ಪಶುವೈದ್ಯರನ್ನು ಹುಡುಕಬೇಕಾಗುತ್ತದೆ. ಈ ಮಾತನ್ನು ಯಜಮಾನರಿಗೂ ಹೇಳಿದೆ. "ಹೌದು, ಎಂತ ಮಾಡೂದು, ಜನ ಕೇಳ್ತಾರೆ" ಎಂದರು. ಈ ಉತ್ತರ ನನಗೆ ಸಮಾಧಾನ ತರಲಿಲ್ಲ.

ಮೇಜುವಸ್ತ್ರಗಳ ಕಪಾಟಿನಲ್ಲಿ ಆಂಧ್ರದ ನರಸಾಪುರದ ಕ್ರೋಶಾ ಲೇಸಿನ ಹಾಸುಗಳಿವೆ, ಬೆಲೆ ಹೆಚ್ಚೆನಿಸಬಹುದು. ಸ್ವೆಟರಿನ ಹೆಣಿಗೆಗೆ ಯಂತ್ರವಿದೆ, ನೇಯ್ಗೆಗೆ ಯಂತ್ರವಿದೆ. ಕ್ರೋಶಾದ ಕುಣಿಕೆಯನ್ನು ಕೈಯಂತೆಯೇ ಹಾಕುವ ಯಂತ್ರ ಮಾರುಕಟ್ಟೆಯಲ್ಲಿಲ್ಲ. ಎಲ್ಲಿಯಾದರೂ ಕ್ರೋಶಾ ಹಾಸು ತೀರ ಅಗ್ಗಕ್ಕೆ ಸಿಕ್ಕಿದರೆ ಅದು ಯಂತ್ರದ ಲೇಸು ಆಗಿರಬೇಕು, ಇಲ್ಲವೇ ಹೆಣೆದ ಹೆಂಗಸಿಗೆ ಕೂಲಿ ಸರಿಯಾಗಿ ಸಿಕ್ಕಿರಲಿಕ್ಕಿಲ್ಲ.

ಡಿಸೆಂಬರಿನ ಭೇಟಿಯ ಕಾರಣ ಹೊನ್ನಾವರದ ನನ್ನ ಹಳೆಯ ಸಹೋದ್ಯೋಗಿ. ಅವರ ಮನೆಯಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾಗಿ ಕಟ್ಟುವ ಗೋದಲಿಯ ಮೇಲೆ ಕ್ರಿಸ್‌ಮಸ್ಸಿಗೆ ತೂಗುಹಾಕಲು ಹನ್ನೆರಡು ಬಿಳಿಯ ನಕ್ಷತ್ರಗಳನ್ನು ಕೇಳಿದ್ದರು. ಹೊಳಪಿನ ತೆಳು ಹತ್ತಿಯಲ್ಲಿ ಹೆಣೆದು, ಗಟ್ಟಿ ಗಂಜಿಯಲ್ಲಿ ಅದ್ದಿ, ಥರ್ಮಕೋಲಿನ ಮೇಲೆ ಗುಂಡುಸೂಜಿಯಿಂದ ಮೂಲೆಗಳನ್ನು ಎಳೆದು ಚುಚ್ಚಿ ಒಣಗಿಸಿದೆ. ಡಿಸೆಂಬರಿನ ಒಣ ಗಾಳಿಯಲ್ಲಿ ಅವು ಹಪ್ಪಳದಂತೆ ನೆಟ್ಟಗೆ ನಿಂತವು. ಗಂಜಿಯ ಕಷ್ಟ ಶುರುವಾಗುವುದು ಹಬ್ಬ ಮುಗಿದು ಅವನ್ನು ಪೆಟ್ಟಿಗೆಯಲ್ಲಿಟ್ಟ ಮೇಲೆ: ಮಳೆಗಾಲದ ತೇವಕ್ಕೆ ಗಂಜಿ ಮೆತ್ತಗಾಗುತ್ತದೆ, ಜಿರಲೆಯೂ ಬೆಳ್ಳಿಹುಳವೂ ಅದನ್ನು ತಿನ್ನಲು ಬರುತ್ತವೆ, ಜೊತೆಗೆ ದಾರವನ್ನೂ ಕಡಿಯುತ್ತವೆ. ಆದ್ದರಿಂದ ತೆಗೆದಿಡುವ ಮೊದಲು ಬಿಸಿ ನೀರಿನಲ್ಲಿ ಗಂಜಿಯನ್ನು ಪೂರ್ತಿ ತೊಳೆದು, ಎರಡು ದಿನ ಬಿಸಿಲಿಗೆ ಹಾಕಿ, ಮುಂದಿನ ವರ್ಷ ಹೊಸದಾಗಿ ಗಂಜಿ ಹಾಕಿಕೊಳ್ಳಬೇಕು. ಇದನ್ನು ನನಗೆ ಹೇಳಿಕೊಟ್ಟವರು ಯಜಮಾನರ ಅತ್ತಿಗೆ. ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರು ಕಲಿಸುತ್ತಾರೆ. ದಾರ ಅಲ್ಲಿಯೇ ಕೊಂಡರೆ ಶುಲ್ಕವಿಲ್ಲ. ಡಾಂಬರು ಗುಳಿಗೆಯನ್ನು ಹತ್ತಿಗೆ, ಅಕ್ರಿಲಿಕ್‌ಗೆ ಹಾಕಿ ಹಣ ಹಾಳು ಮಾಡಬೇಡಿ, ಆ ಗುಳಿಗೆ ಓಡಿಸುವ ನುಸಿ ತಿನ್ನುವುದು ನಿಜವಾದ ಉಣ್ಣೆಯನ್ನು ಎಂದೂ ಅವರೇ ಹೇಳಿದರು. ಎಡಗೈಯವರಿಗೆ ಕಲಿಸುವುದು ಮಾತ್ರ ಅವರಿಗೆ ಒಗ್ಗುವುದಿಲ್ಲ. ಜೊತೆಗೆ ಕರೆದೊಯ್ದಿದ್ದ ನನ್ನ ತಂಗಿಯ ಮಗಳು ಎಡಚಿ. ಅವಳನ್ನು ತಮ್ಮ ಎದುರಿಗೆ ಕೂರಿಸಿಕೊಂಡು, ಕನ್ನಡಿಯಲ್ಲಿ ನೋಡುವಂತೆ ನೋಡಿ ಕಲಿ ಎಂದರು, ಅದು ಸ್ವಲ್ಪ ಮಟ್ಟಿಗೆ ಫಲಿಸಿತು.

ಈ ವರ್ಷದ ತೋರಣವನ್ನು ಪೂರ್ತಿ ಅಕ್ರಿಲಿಕ್‌ನಲ್ಲಿ ಹೆಣೆಯುತ್ತಿದ್ದೇನೆ, ಹಸಿರಿಗೆ ಬಾಟಲಿ ಹಸಿರನ್ನೂ ಗಿಳಿ ಹಸಿರನ್ನೂ ಒಂದೊಂದು ಎಳೆ ಜೋಡಿಸಿಕೊಂಡು. ದೂರದಿಂದ ನೋಡಿದರೆ ಮಾವಿನ ಎಲೆಯ ಹತ್ತಿರ ಬರುತ್ತದೆ. ಎರಡೆಳೆಗೆ 4 ಮಿಲಿಮೀಟರಿನ ಕಡ್ಡಿ ಬೇಕಾಯಿತು. ಎಲೆ ದೊಡ್ಡದಾಗುವುದರಿಂದ 17ರ ಬದಲು 13 ಸಾಕು. ಶಿರಸಿಗೆ ಹೋಗುವವರು ವಾರದ ನಡುವಿನ ದಿನ, ಹನ್ನೊಂದರ ಒಳಗೆ ಹೋಗಿ; ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಶಟರ್ ಅರ್ಧ ಇಳಿದಿರುತ್ತದೆ. ಮನೆಯಲ್ಲಿರುವ ಹಳೆಯ ದಾರದ ಒಂದು ಗೇಣು ತುಂಡನ್ನು ಜೊತೆಗೆ ಒಯ್ಯಿರಿ, ಬಣ್ಣ ಹೊಂದಿಸಲು ಫೋನಿನ ಚಿತ್ರವನ್ನು ತೋರಿಸಿದರೆ ಯಜಮಾನರು ಅದರ ಕಡೆ ನೋಡುವುದೂ ಇಲ್ಲ.